ಟೊಳ್ಳು ಕಂಡರೆ ಬಿಡದ ಯಂತ್ರ

“ಇನ್ನು ಈ ತೊಟ್ಟಿಗೆ ಸಾವಿಲ್ಲ ಕಣೇ!” ಎಂದು ಪಂಚಾಕ್ಷರಯ್ಯ ಹಿತ್ತಲಲ್ಲಿ ನಿಂತು ಸಾರಿದರು. ಅವರ ಕೈಯಲ್ಲಿ ಆಮೆಯಂಥ ಯಂತ್ರವೊಂದು ಆರು ಕಾಲು ಆಡಿಸುತ್ತಿತ್ತು.

ಹೆಂಡತಿ ಸರ್ವಮಂಗಳಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಪಂಪ್‌ಸೆಟ್ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಗಂಡ ಏನೇ ಕಂಡುಹಿಡಿದರೂ ಅಡುಗೆಮನೆಯ ಒಂದು ಸಾಮಾನು ಬಲಿಯಾಗುತ್ತಿತ್ತು. ಈ ಸಲ ಹೋಗಿದ್ದು ಇಡ್ಲಿ ಪಾತ್ರೆಯ ಮುಚ್ಚಳ. ಅದೀಗ ಯಂತ್ರದ ಬೆನ್ನಾಗಿತ್ತು.

“ನಾಳೆ ಶಶಿ ಸೀಮಂತ. ಮಧ್ಯಾಹ್ನ ನೀರು ಬಿಡ್ತಾರೆ, ಇವತ್ತು ತಪ್ಪಿದ್ರೆ ಮುಂದಿನ ವಾರವೇ. ಅದೂ ಸೋರಿಹೋದ್ರೆ ಬೀಗರಿಗೆ ಕೈ ತೊಳೆಯೋಕೆ ಏನು ಕೊಡ್ಲಿ? ಒಂದು ಪ್ಲಾಸ್ಟಿಕ್ ಟ್ಯಾಂಕ್ ತನ್ನಿ ಅಂತ ಎಷ್ಟು ಬಡ್ಕೊಂಡೆ.”

“ಪ್ಲಾಸ್ಟಿಕ್ಕಾ? ಬಿಸಿಲಿಗೆ ನೀರು ಕಷಾಯ ಆಗುತ್ತೆ. ಇದು ಅಪ್ಪ ಕಟ್ಟಿಸಿದ ಕಾಂಕ್ರೀಟ್ ತೊಟ್ಟಿ. ಕಡುಬೇಸಿಗೇಲೂ ತಣ್ಣಗಿರುತ್ತೆ. ಗಾಳಿಗೆ ಹಾರಲ್ಲ, ಇಲಿ ಕಡಿಯಲ್ಲ.”

“ಬಿರುಕು ಬಿಡುತ್ತಲ್ಲ. ಒಳಗಿಳಿದು ಪಾಚಿ ಉಜ್ಜೋಳು ನಾನು. ಜಾಗ ಬದಲಾಯಿಸೋಣ ಅಂದ್ರೆ ಅಲ್ಲಾಡೋದೂ ಇಲ್ಲ, ನಿಮ್ಮ ಹಾಗೇ.”

ನೀರಿನ ತಂಪಿನ ಬಗ್ಗೆ ಅವರು ಮಾತೆತ್ತಲಿಲ್ಲ. ಬೇಸಿಗೆಯಲ್ಲಿ ಆ ತೊಟ್ಟಿಯ ನೀರು ಮುಖಕ್ಕೆ ಎರಚಿಕೊಂಡ ಸುಖ ಅವರಿಗೂ ಗೊತ್ತಿತ್ತು.

ಗಾರೆ ಮೇಸ್ತ್ರಿಗಳು ಗೋಡೆ ಕುಟ್ಟಿ ಸದ್ದು ಕೇಳುತ್ತಾರೆ; ಟೊಳ್ಳು ಸದ್ದು ಬಂದ ಕಡೆ ಗಾರೆ ತುಂಬುತ್ತಾರೆ. ಪಂಚಾಕ್ಷರಯ್ಯ ಯಂತ್ರಕ್ಕೆ ಕಲಿಸಿದ್ದೂ ಅಷ್ಟೇ ವಿದ್ಯೆ. ಬಿಸಿಲೇ ಅದರ ಊಟ. ಗಾಳಿಯ ದೂಳು ಹೀರಿ, ಹೊಟ್ಟೆಯಲ್ಲಿ ಅರೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲಾಗುವ ಗಾರೆ ಉಗುಳುತ್ತಿತ್ತು. ತಿಪಟೂರಿನ ಆ ಬೀದಿಯಲ್ಲಿ ದೂಳಿಗೇನೂ ಬರವಿರಲಿಲ್ಲ.

ಯಂತ್ರ ತೊಟ್ಟಿ ಹತ್ತಿತು. ಸುತ್ತಿಗೆಯಂಥ ಮೂತಿಯಿಂದ ಟಕ್ ಟಕ್ ಕುಟ್ಟಿ ಬಿರುಕನ್ನು ಪತ್ತೆಮಾಡಿ, ಗುರುತೇ ಸಿಗದಂತೆ ಮುಚ್ಚಿತು. ಸರ್ವಮಂಗಳಮ್ಮನ ಬಾಯಿಂದ “ಪರವಾಗಿಲ್ಲವೇ” ಎಂಬ ಮಾತು ಹೊರಡುವುದರಲ್ಲಿತ್ತು. ಅಷ್ಟರಲ್ಲಿ ಯಂತ್ರ ನಲ್ಲಿಯ ಕೊಳವೆ ಕುಟ್ಟಿ ನೋಡಿ ಅದನ್ನೂ ಮುಚ್ಚಿತು. ನೀರು ಬಂದು ಬೀಳುವ ಪೈಪನ್ನೂ ಮುಚ್ಚಿತು.

“ನಿಲ್ಸಿ ಅದನ್ನ!”

ಪಂಚಾಕ್ಷರಯ್ಯ ಯಂತ್ರವನ್ನು ಹಿಡಿದು ತಿರುಗಿಸಿ ನೋಡಿದರು. “ಸ್ವಿಚ್ಚಿಗೆ ಒಂದು ತೂತು ಇಟ್ಟಿದ್ದೆ. ಅದನ್ನೇ ಮೊದಲು ಮುಚ್ಚಿಕೊಂಡಿದೆ ಕಣೇ.”

ಅದು ಅವರ ಕೈಯಿಂದ ಜಾರಿ ಭುಜ ಹತ್ತಿತು.

“ತಲೆ ಹತ್ರ ಬಿಡ್ಬೇಡಿ,” ಎಂದರು ಸರ್ವಮಂಗಳಮ್ಮ. “ಕುಟ್ಟಿ ನೋಡಿದ್ರೆ ಮುಗೀತು, ತುಂಬಿಬಿಡುತ್ತೆ.”

ಪಂಚಾಕ್ಷರಯ್ಯ ಗಾಬರಿಯಿಂದ ಕೊಡವಿದರು. ಯಂತ್ರ ಕಾಂಪೌಂಡಿನಾಚೆ ಬೀದಿಗೆ ಬಿತ್ತು.

ನೀರು ಬಿಡುವ ದಿನ ಆ ಬೀದಿಯಲ್ಲಿ ಜನ ಸಾಲು ನಿಲ್ಲುವುದಿಲ್ಲ, ಕೊಡಗಳು ನಿಲ್ಲುತ್ತವೆ. ಬೆಳಗಾಗುತ್ತಲೇ ಬೀದಿ ನಲ್ಲಿಯ ಮುಂದೆ ಖಾಲಿ ಕೊಡ ಇಟ್ಟು ಎಲ್ಲರೂ ಮನೆಗೆಲಸಕ್ಕೆ ಹೋಗುತ್ತಾರೆ. ಇಷ್ಟೊಂದು ಟೊಳ್ಳು ಒಂದೇ ಕಡೆ ಸಾಲಾಗಿ ಸಿಕ್ಕರೆ ಯಂತ್ರ ಬಿಟ್ಟೀತೇ? ಗಂಡ ಹೆಂಡತಿ ಓಡಿಬರುವಷ್ಟರಲ್ಲಿ ಸಾಲಿನ ಮುಂದಿದ್ದ ಕೊಡಗಳು ಕಂಠದವರೆಗೂ ಕಾಂಕ್ರೀಟಾಗಿದ್ದವು.

ಎದುರುಮನೆಯ ಪುಟ್ಟಗೌರಮ್ಮ ತಮ್ಮ ಕೊಡ ಎತ್ತಲು ಹೋಗಿ ಅಲ್ಲೇ ಕೂತುಬಿಟ್ಟರು. “ಏನಣ್ಣಾ ಇದು? ನಮ್ಮಮ್ಮ ಕೊಟ್ಟ ತಾಮ್ರದ ಕೊಡ. ಇದನ್ನ ಸೊಂಟದ ಮೇಲಿಟ್ಕೊಂಡ್ರೆ ನನ್ನ ಸೊಂಟ ಉಳಿಯುತ್ತಾ?”

“ಗಟ್ಟಿ ಆಯ್ತಲ್ಲ ತಾಯಿ, ಇನ್ನು ಸೊಟ್ಟ ಆಗಲ್ಲ,” ಎಂದರು ಪಂಚಾಕ್ಷರಯ್ಯ, ಎರಡು ಹೆಜ್ಜೆ ಹಿಂದೆ ಸರಿದು.

ಸರ್ವಮಂಗಳಮ್ಮ ಮಾತ್ರ ಸಾಲನ್ನೇ ನೋಡುತ್ತಿದ್ದರು. ಕೊಡ ತೊಳೆಯಲು ಯಾರೋ ತಂದಿಟ್ಟ ಬಕೆಟ್ಟೊಂದರಲ್ಲಿ ಹಳೆಯ ನೀರು ತುಂಬಿತ್ತು. ಯಂತ್ರ ಅದನ್ನು ಕುಟ್ಟಿತು. ದಪ್ ಎಂದಿತು. ಬಿಟ್ಟು ಮುಂದೆ ಹೋಯಿತು.

ಅದೇ ಹೊತ್ತಿಗೆ ನಲ್ಲಿ ಗೊರಗೊರ ಎಂದಿತು.

“ಗೌರಮ್ಮಾ, ಆಮೇಲೆ ಬೈಯುವೆಯಂತೆ,” ಎಂದರು ಸರ್ವಮಂಗಳಮ್ಮ. “ತುಂಬಿದ್ದನ್ನ ಅದು ಮುಟ್ಟಲ್ಲ. ಮನೇಲಿರೋದೆಲ್ಲ ತಂದು ನೀರು ಹಿಡೀರಿ. ಚೊಂಬು, ಲೋಟನೂ ಖಾಲಿ ಬಿಡ್ಬೇಡಿ.”

ಬೀದಿಗೆ ಬೀದಿಯೇ ನೀರು ಹೊತ್ತಿತು. ಸೀಮಂತದ ಅಡುಗೆಗೆ ತಂದ ಕೊಪ್ಪರಿಗೆಗಳು ತುಂಬಿದವು. ಕುಕ್ಕರು, ಹಾಲಿನ ಕ್ಯಾನು, ಪುಟ್ಟಗೌರಮ್ಮನ ಒಗ್ಗರಣೆ ಸೌಟು ಕೂಡ ತುಂಬಿತು. ಬಸುರಿ ಮಗಳು ಶಶಿಕಲಾಳನ್ನು ಮಂಚದ ಮೇಲೆ ಕಾಲು ಮಡಿಸಿ ಕೂರಿಸಿ, ಅವಳ ಚಪ್ಪಲಿಗೂ ನೀರು ಹುಯ್ದರು. ಯಂತ್ರ ಮನೆಮನೆ ಹೊಕ್ಕು ಕುಟ್ಟಿತು. ಎಲ್ಲಿ ಕುಟ್ಟಿದರೂ ದಪ್. ಮುಖ ಬಾಡಿದಂತೆ ಹಿತ್ತಲಿಗೆ ಹೊರಳಿತು.

ಅಲ್ಲಿ ಖಾಲಿ ಉಳಿದಿದ್ದು ತೊಟ್ಟಿಯೊಂದೇ.

ಪಂಚಾಕ್ಷರಯ್ಯ “ಬೇಡ, ಬೇಡ” ಎನ್ನುತ್ತ ಓಡಿದರು. ಯಂತ್ರ ಒಳಗಿಳಿದಿತ್ತು. ಬೀದಿಯ ದೂಳೆಲ್ಲ ಸುಳಿಯಾಗಿ ತೊಟ್ಟಿಯೊಳಕ್ಕೆ ಹರಿಯಿತು. ಮಸುಕು ಇಳಿದಾಗ ತಳದಿಂದ ಅಂಚಿನವರೆಗೆ ತೊಟ್ಟಿ ಒಂದೇ ಬಂಡೆ. ಯಂತ್ರವೂ ಅದರೊಳಗೇ ಸೇರಿಹೋಗಿತ್ತು.

ಮಾರನೆಯ ದಿನ ನೀರಿಗೇನೂ ಕೊರತೆಯಾಗಲಿಲ್ಲ. ಬೀದಿಯ ಹೆಂಗಸರು ತುಂಬಿಟ್ಟದ್ದನ್ನೆಲ್ಲ ಹೊತ್ತು ತಂದರು. ಬೀಗರು ಕೈ ತೊಳೆದರು, ಎರಡೆರಡು ಸಲ ಪಾಯಸ ಹಾಕಿಸಿಕೊಂಡರು. ಶಶಿಕಲಾ ಕೈತುಂಬ ಹಸಿರು ಬಳೆ ತೊಟ್ಟಳು.

ಸಂಜೆ ಪಂಚಾಕ್ಷರಯ್ಯ ಹಿತ್ತಲಲ್ಲಿ ಒಬ್ಬರೇ ಕೂತು ಬಂಡೆಯ ಮೇಲೆ ಕೈಯಾಡಿಸುತ್ತಿದ್ದರು. “ಅಪ್ಪ ಇದಕ್ಕೆ ತಾನೇ ಮರಳು ಜರಡಿ ಹಿಡಿದಿದ್ದ ಮಂಗಳಾ. ಒಡೆಸ್ಬೇಕಲ್ಲ ಈಗ.”

ಬೈಯಬೇಕೆಂದು ಬಂದಿದ್ದ ಸರ್ವಮಂಗಳಮ್ಮ ಪಾಯಸದ ಬಟ್ಟಲನ್ನು ಅವರ ಕೈಗಿಟ್ಟು, ಪಕ್ಕದಲ್ಲೇ ಕೂತರು.

“ಯಾಕೆ ಒಡೆಸ್ಬೇಕು? ಪ್ಲಾಸ್ಟಿಕ್ ಟ್ಯಾಂಕ್ ಕೂರಿಸೋಕೆ ಗಟ್ಟಿ ಕಟ್ಟೆ ಬೇಕೇ ಬೇಕು. ನಿಮ್ಮಪ್ಪ ಅರ್ಧ ಕಟ್ಟಿದ್ರು, ನೀವು ಪೂರ್ತಿ ಮಾಡಿದ್ರಿ.”