ಒಂಟಿ ಹಾರಾಟದಲ್ಲಿ ಅಧ್ಯಕ್ಷರ ತಾಯಿಯವರು ಸೇರಿಕೊಂಡ ಬಗ್ಗೆ

ಇಂದ:
ಓರ್ನೆಲ್ಲಾ ಸ್ಕಾಲ್ವಿ, ತರಬೇತಿ ವಿದ್ಯಾರ್ಥಿನಿ
(ಸದ್ಯ ವಿಮಾನದ ರೆಕ್ಕೆಯ ನೆರಳಲ್ಲಿ)

ಗೆ:
ಶ್ರೀಯುತ ಎತ್ತೊರೆ ಪಾನ್ಸೆರಿ, ಅಧ್ಯಕ್ಷರು
ಕಾಸಾಲ್‌ಬೆಲ್ಲೊ ವಿಮಾನ ಕ್ಲಬ್, ಕ್ರೆಮೋನಾ ಜಿಲ್ಲೆ

ಜೂನ್ ೧೯೫೧

ವಿಷಯ: ನನ್ನ ಮೊದಲ ಒಂಟಿ ಹಾರಾಟವನ್ನು ಒಂಟಿ ಹಾರಾಟವೆಂದೇ ಪರಿಗಣಿಸಿ ಸಹಿ ಹಾಕುವ ಬಗ್ಗೆ.

ಉಲ್ಲೇಖ: ಇಂದು ಬೆಳಿಗ್ಗೆ ಇಡೀ ಮೈದಾನಕ್ಕೆ ಕೇಳುವಂತೆ ತಾವು ನೀಡಿದ ಮೌಖಿಕ ಆದೇಶ ("ಈ ಜನ್ಮದಲ್ಲಿ ನಿನಗಿನ್ನು ವಿಮಾನ ಕೊಡಲ್ಲ, ಮನೆಗೆ ಹೋಗಿ ಪೊಲೆಂತಾ ಗಂಜಿ ತಿರುವು!").

ಮಾನ್ಯರೇ,

೧. ಶಿಕ್ಷಕ ಗುಯಿದೋತ್ತಿಯವರು ಕ್ಲಬ್ಬಿನ ಮಾಕ್ಕಿ ವಿಮಾನದಿಂದ ದಿಢೀರನೆ ಇಳಿದು, "ಹೋಗಮ್ಮ, ಒಬ್ಬಳೇ ಒಂದು ಸುತ್ತು ಹಾಕ್ಕೊಂಡು ಬಾ" ಎಂದರು. ಅವರ ಭಾರ ಇಳಿದ ಕಾರಣ ವಿಮಾನ ಚಂಗನೆ ಮೇಲೆದ್ದಿತು. ಅರ್ಜಿದಾರಳು ಹಾಡಿದಳು, ಕಿರುಚಿದಳು, ಪೋ ನದಿಗೂ ಕೈಬೀಸಿದಳು. ಆದ್ದರಿಂದ ಮೈದಾನ ಯಾವ ಕಡೆಗಿತ್ತೆಂಬುದು ಮರೆತುಹೋಯಿತು.

೨. ಇಳಿಯುವ ದಿಕ್ಕು ತೋರಿಸಲು ಹುಲ್ಲಿನ ಮೇಲೆ ಬಿಳಿ ಬಟ್ಟೆಯನ್ನು ಟಿ ಅಕ್ಷರದಂತೆ ಹಾಸುವುದು ಕ್ಲಬ್ಬಿನ ಪದ್ಧತಿ. ಕೆಳಗೆ ಅಂಥದ್ದೇ ಕಂಡಿತು. ನಿಯಮದಂತೆ ಇಳಿದೆ. ಬಹಳ ಸೊಗಸಾಗಿ ಇಳಿದೆ ಎಂಬುದನ್ನು ದಾಖಲಿಸಲು ಕೋರುತ್ತೇನೆ. ಆದರೆ ಅವು ಉದ್ದಕ್ಕೂ ಅಡ್ಡಕ್ಕೂ ಒಣಹಾಕಿದ್ದ ಚಾದರಗಳು. ಚಾದರಗಳೂ ಹುಲ್ಲುಗಾವಲೂ ತಮ್ಮ ತಾಯಿ ಅರ್ಮಿದಾ ಪಾನ್ಸೆರಿಯವರವು.

೩. ಸದರಿಯವರು ಕೋಲು ಹಿಡಿದು ಓಡಿಬಂದರು.
"ಏ ಪಿಶಾಚಿ, ನನ್ನ ಚಾದರ!"
"ತಪ್ಪಾಯ್ತಮ್ಮ, ದಾರಿ ತಪ್ಪಿಬಿಟ್ಟೆ."
"ಅಯ್ಯೋ, ಹುಡುಗಿ! ಒಬ್ಬಳೇ ಬಂದ್ಯಾ?" ಎಂದು ಕೋಲು ಬಿಸಾಡಿದರು. "ನನ್ನ ಮಗ ಯುದ್ಧಕ್ಕೆ ಮುಂಚಿನಿಂದ 'ನಾಳೆ ಕರ್ಕೊಂಡು ಹೋಗ್ತೀನಮ್ಮ' ಅಂತಾನೇ ಇದಾನೆ. ಈ ಬಾಗಿಲು ಹೇಗೆ ತೆಗೆಯೋದು?"

೪. ಒಂಟಿ ಹಾರಾಟದಲ್ಲಿ ಬೇರೆಯವರನ್ನು ಕೂರಿಸುವಂತಿಲ್ಲವೆಂಬ ನಿಯಮವನ್ನು ಅವರಿಗೆ ಹೇಳಿದೆ. "ನಿಯಮ ಮಾಡಿದವನನ್ನ ಹೆತ್ತವಳು ನಾನು" ಎಂದರು. ಆದಕಾರಣ ಹಾರಿದೆವು. ಚರ್ಚಿನ ಗೋಪುರ ಕಾಲ ಕೆಳಗೆ ಬಂದಾಗ ನನ್ನ ಮೊಣಕೈ ಹಿಡಿದು ಚಿಕ್ಕ ಹುಡುಗಿಯ ಹಾಗೆ ನಗತೊಡಗಿದರು. ನನಗೂ ನಗು ತಡೆಯಲಾಗಲಿಲ್ಲ. ಮೈದಾನದ ದಾರಿ ತೋರಿಸಿದ್ದೂ ಅವರೇ: "ಅಗೋ ಚೀಸ್ ಕಾರ್ಖಾನೆ, ಅಲ್ಲಿ ಎಡಕ್ಕೆ ತಿರುಗಿಸು!"

೫. ವಾಪಸು ಬರುವಾಗ ಇಬ್ಬರಿದ್ದ ಕಾರಣ ಒಂಟಿ ಹಾರಾಟ ಅಸಿಂಧು ಎಂಬುದು ತಮ್ಮ ವಾದ. ಮೈದಾನದಿಂದ ಏರಿದಾಗ ಒಬ್ಬಳೇ, ಚಾದರಗಳ ಮೇಲೆ ಇಳಿದಾಗಲೂ ಒಬ್ಬಳೇ. ಆದ್ದರಿಂದ ಸಿಂಧು ಎಂಬುದು ನನ್ನ ವಾದ. ಮಾನ್ಯರೇ, ಇವತ್ತಿನಷ್ಟು ಸಂತೋಷ ನಾನು ಹುಟ್ಟಿದಾಗಿನಿಂದ ಪಟ್ಟಿಲ್ಲ. ಮತ್ತೆ ಹಾರದೆ ಇರಲು ನನ್ನಿಂದ ಆಗುವುದಿಲ್ಲ.

೬. ತಾಯಿಯವರು ಇನ್ನೂ ವಿಮಾನದಿಂದ ಇಳಿದಿಲ್ಲ. ಕೈಕೊಡಲು ಹೋದ ಗುಯಿದೋತ್ತಿಯವರಿಗೆ, "ಮೊದಲು ಈ ಹುಡುಗಿಗೆ ಸಹಿ ಹಾಕು ಅಂತ ಅವನಿಗೆ ಹೇಳಪ್ಪ, ಆಮೇಲೆ ಮಿಕ್ಕಿದ್ದು" ಎಂದಿದ್ದಾರೆ. ತಾವು ಕಚೇರಿಯ ಚಿಲಕ ಹಾಕಿಕೊಂಡಿರುವ ಕಾರಣ ಈ ಅರ್ಜಿಯನ್ನು ಬಾಗಿಲ ಸಂದಿಯಲ್ಲಿ ತೂರಿಸಲಾಗಿದೆ.

ಈಗಲೂ ತಮ್ಮ ವಿಶ್ವಾಸಿ,
ಓರ್ನೆಲ್ಲಾ ಸ್ಕಾಲ್ವಿ

ಅಡಕ:
(ಅ) ಚಕ್ರದ ಗುರುತಿರುವ ಚಾದರ (ಬಾಗಿಲ ಹೊರಗಿದೆ, ತಾವೇ ಒಗೆಯತಕ್ಕದ್ದೆಂದು ತಾಯಿಯವರ ಸೂಚನೆ).
(ಆ) ಗುಯಿದೋತ್ತಿಯವರ ಹೇಳಿಕೆ: "ವಿಮಾನಕ್ಕೆ ಏನೂ ಆಗಿಲ್ಲ. ನನ್ನನ್ನು ಇದರಲ್ಲಿ ಎಳೀಬೇಡಿ."

ವಿ.ಸೂ.: ಸಹಿ ಸಾಧ್ಯವಿಲ್ಲವಾದಲ್ಲಿ, ತಾಯಿಯವರು ಈಗ ವೆನಿಸ್ ನೋಡಲೇಬೇಕೆಂದು ಹಟ ಹಿಡಿದಿರುವ ಕಾರಣ, ಅಲ್ಲಿವರೆಗಿನ ಪೆಟ್ರೋಲನ್ನಾದರೂ ಮಂಜೂರು ಮಾಡಬೇಕಾಗಿ ವಿನಂತಿ.