ಓದಿದಂತೆ ಭಾವಿಸಲಾಯಿತು

ನನ್ನ ಕೈಬರಹ ಕಾಗೆ ಕಾಲು ಗುಬ್ಬಿ ಕಾಲು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ; ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅವಳು ಶುರು ಮಾಡಿದರೆ ಅಕ್ಷರಕ್ಕೇ ನಿಲ್ಲಿಸುವುದಿಲ್ಲ. ಇಂಥ ಮನುಷ್ಯನಿಗೆ ಪುರಸಭೆಯವರು ಕೊಟ್ಟಿರುವ ಕೆಲಸ ಯಾವುದು ಗೊತ್ತೆ? ಸಭೆಯ ನಡಾವಳಿ ಬರೆಯುವುದು! ಯಾರು ಏನು ಮಾತಾಡಿದರು, ಕೊನೆಗೆ ಏನು ತೀರ್ಮಾನವಾಯಿತು ಎಂಬುದೆಲ್ಲ ಪುಟಸಂಖ್ಯೆ ಅಚ್ಚಾದ ದಪ್ಪ ಪುಸ್ತಕದಲ್ಲಿ ದಾಖಲಾಗಬೇಕು. ಅದರಲ್ಲಿ ಒಂದು ಹಾಳೆ ಹರಿದರೆ ನನ್ನ ನೌಕರಿಯೂ ಹರಿದಂತೆ.

ಇಪ್ಪತ್ತೆರಡು ವರ್ಷ ಆ ನೌಕರಿ ಉಳಿದಿರುವುದು ಅಮ್ಮನಿಂದ. ಅಮ್ಮ ನಿವೃತ್ತ ಶಾಲಾ ಶಿಕ್ಷಕಿ, ಅವಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ನಾನು ಸಭೆಯಲ್ಲಿ ಗೀಚಿಕೊಂಡು ಬಂದದ್ದನ್ನು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಕೂತು ಪುಸ್ತಕಕ್ಕೆ ಇಳಿಸಿಕೊಡುತ್ತಾಳೆ. (ಇದು ರಾಜ್ಯರಹಸ್ಯ. ದಯವಿಟ್ಟು ನಿಮ್ಮಲ್ಲೇ ಇರಲಿ.)

ಹೋದ ತಿಂಗಳ ಸಭೆಯ ವಿಷಯ ಇಷ್ಟು: ಹಳೇ ಗೋದಾಮಿನ ಜಾಗ ಒಂದೇ, ಅನುದಾನ ಒಂದೇ, ಬೇಡಿಕೆ ಎರಡು. ಬೀದಿ ಗುಡಿಸುವವರಿಗೆ ವಸತಿ ಕಟ್ಟಿಸಬೇಕು ಎಂದು ಔಷಧಿ ಅಂಗಡಿಯ ಸದಸ್ಯೆ; ಹಿರಿಯರಿಗೊಂದು ಭವನ ಬೇಕು ಎಂದು ಬಟ್ಟೆ ಅಂಗಡಿಯ ಸದಸ್ಯರು.

"ಮನೆ ಇಲ್ಲದೋರು ಎಲ್ಲಿ ಮಲಗ್ಬೇಕು ಸ್ವಾಮಿ?"

"ವಯಸ್ಸಾದೋರು ಎಲ್ಲಿ ಕೂರ್ಬೇಕು ತಾಯಿ?"

ಹೀಗೆ ಮೂರು ಗಂಟೆ ವಾಗ್ಯುದ್ಧ. ಅಧ್ಯಕ್ಷರು ಇಬ್ಬರಿಗೂ ಸಮನಾಗಿ ತಲೆಯಾಡಿಸಿ, "ವಿಷಯ ಬಹಳ ಗಂಭೀರ, ಮುಂದೂಡೋಣ" ಎಂದರು. ಅದು ನಾಲ್ಕನೇ ಸಲದ ಮುಂದೂಡಿಕೆ.

ಅಮ್ಮನಿಗೆ ಕೇಳಿ ಸಂಕಟವಾಯಿತು. ಅವಳೂ ಅವಳ ಐದು ಜನ ಗೆಳೆಯ ಗೆಳತಿಯರೂ ದಿನಾ ಸಂಜೆ ಕೂರುವುದು ಬಸ್ ನಿಲ್ದಾಣದ ಬೆಂಚಿನ ಮೇಲೆ. ಬಂದ ಬಂದ ಬಸ್ಸಿನ ಕಂಡಕ್ಟರೆಲ್ಲ "ಬೇಗ ಹತ್ತಿ, ಹತ್ತಿ" ಎಂದು ಗದರುತ್ತಾರೆ. ಹೋದ ವಾರ ಯಾರೋ ಪುಣ್ಯಾತ್ಮ, ಮುದುಕರಿಗೆ ಹತ್ತಲು ಕಷ್ಟವೆಂದು ತಿಳಿದು, ಅಮ್ಮನ ಗೆಳೆಯ ದರ್ಜಿಯನ್ನು ಎತ್ತಿ ಬಸ್ಸಿನೊಳಗೆ ಇಟ್ಟೇಬಿಟ್ಟ. ಪಾಪ, ಅವರು ಊರೆಲ್ಲ ಸುತ್ತಿ ಮರಳುವಷ್ಟರಲ್ಲಿ ಕತ್ತಲಾಗಿತ್ತು.

"ಕೂರಕ್ಕೆ ಒಂದು ಸೂರು ಕೇಳ್ತಿದೀವಿ ಕಣೋ, ಅಷ್ಟೇ. ಈ ವಯಸ್ಸಲ್ಲಿ ಕೂರೋದಕ್ಕೂ ಟಿಕೆಟ್ ತಗೋಬೇಕಾ?" ಎಂದಳು ಅಮ್ಮ. ನಗುತ್ತಲೇ ಅಂದಳು, ಆದರೆ ದನಿ ಒಡೆಯಿತು. ಗುಮಾಸ್ತ ನಾನು, ಏನು ಮಾಡಲಿ?

ಆ ಭಾನುವಾರ ಪುಸ್ತಕ ಒಪ್ಪಿಸಿ ಕ್ಷೌರಕ್ಕೆ ಹೋದೆ. ಬಂದು ನೋಡಿದರೆ ಅತ್ತೆ ಸೊಸೆ ಅಕ್ಕಪಕ್ಕ ಕೂತು ಪಿಸುಗುಟ್ಟುತ್ತಿದ್ದಾರೆ. ನಲ್ಲಿ ಎಷ್ಟು ಬಿಗಿಯಾಗಿ ತಿರುಗಿಸಬೇಕು ಎನ್ನುವುದಕ್ಕೂ ಜಗಳವಾಡುವ ಇಬ್ಬರು! ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಎಂದಿನಂತೆ ತೆರೆದೂ ನೋಡದೆ ಪುಸ್ತಕ ಚೀಲಕ್ಕೆ ಹಾಕಿದೆ.

ಮುಂದಿನ ಸಭೆಯ ದಿನ ಬೆಳಿಗ್ಗೆ, ಕಾಲಿಗೆ ಬೂಟು ಏರಿಸಿ, ಗುರುತಿಗೆ ದಾರ ಇಡೋಣವೆಂದು ಪುಸ್ತಕ ತೆರೆದೆ. ಅಮ್ಮನ ಮುತ್ತಿನಂಥ ಅಕ್ಷರದಲ್ಲಿ ಹೀಗಿತ್ತು:

"ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ ತೀರ್ಮಾನಿಸಿದ್ದೇನೆಂದರೆ: ಒಂದು, ಕೆಳ ಅಂತಸ್ತಿನಲ್ಲಿ ಹಿರಿಯರ ಭವನ. ಎರಡು, ಮೇಲಿನ ಅಂತಸ್ತುಗಳಲ್ಲಿ ಮನೆಗಳು. ಮೂರು, ಭವನದ ಕುರ್ಚಿಗಳಿಗೆ ಕೈ ಇರತಕ್ಕದ್ದು. ನಾಲ್ಕು, ಶೌಚಾಲಯ ಮೆಟ್ಟಿಲು ಹತ್ತದೆ ಸಿಗತಕ್ಕದ್ದು."

"ಅಮ್ಮಾ! ಇದನ್ನೆಲ್ಲ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ವಲ್ಲ, ಅದಕ್ಕೇ ನಾನು ಬರೆದೆ."

"ನಾನು ಬರ್ಕೊಂಡು ಬಂದಿದ್ದು 'ಮುಂದೂಡಲಾಯಿತು' ಅಂತ!"

"ಅದು ಅಕ್ಷರಾನಾ? ಪೆನ್ನು ಬರೆಯುತ್ತೋ ಇಲ್ವೋ ಅಂತ ಗೀಚಿ ನೋಡಿದ್ದೀಯ ಅಂದ್ಕೊಂಡೆ."

"ಅತ್ತೆ ಮೇಲೆ ಯಾಕ್ರೀ ಕೂಗಾಡ್ತೀರ?" ಹೆಂಡತಿ ಅಡುಗೆಮನೆಯಿಂದ ಬಂದಳು. "ಅಷ್ಟು ಜನ ಮೂರು ಗಂಟೆ ಕೂತರೂ ಹೊಳೀದೇ ಇದ್ದಿದ್ದು ಇವ್ರಿಗೆ ತರಕಾರಿ ಹೆಚ್ಚೋ ಹೊತ್ತಲ್ಲಿ ಹೊಳೀತು."

ಹಾಳೆ ಹರಿಯುವಂತಿಲ್ಲ, ಹೊಡೆದುಹಾಕುವಂತಿಲ್ಲ. ಪುಸ್ತಕವನ್ನು ಎದೆಗವಚಿಕೊಂಡು ಓಡಿದೆ.

ಯಾವ ಸಭೆಯಲ್ಲೂ ಮೊದಲ ಕೆಲಸ ಹಿಂದಿನ ನಡಾವಳಿಯನ್ನು ಓದಿ ಒಪ್ಪುವುದು. ಆದರೆ ಓದಿದವರನ್ನು ನಾನಂತೂ ಕಂಡಿಲ್ಲ. "ಓದಿದಂತೆ ಭಾವಿಸೋಣ್ವಾ?" ಎನ್ನುತ್ತಾರೆ ಅಧ್ಯಕ್ಷರು, ಎಲ್ಲರೂ ಕೈ ಎತ್ತುತ್ತಾರೆ. ಅವತ್ತು ಮಾತ್ರ ಬಟ್ಟೆ ಅಂಗಡಿಯವರು, "ಒಂದ್ನಿಮಿಷ, ಆ ಪುಸ್ತಕ ಕೊಡಿ ಇಲ್ಲಿ" ಎಂದರು. ಕೊಡದೆ ವಿಧಿಯಿಲ್ಲ, ಕೊಟ್ಟೆ. ಅವರು ಪುಟವನ್ನು ದೂರ ಹಿಡಿದು ನೋಡಿದರು. "ಆಹಾ, ಎಂಥಾ ಅಕ್ಷರ ರೀ!" ಎಂದು ವಾಪಸು ಕೊಟ್ಟರು. ಕೈಗಳು ಮೇಲೆದ್ದವು, ಅಧ್ಯಕ್ಷರು ಸಹಿ ಹಾಕಿದರು.

"ಇನ್ನು ಮುಂದೂಡಿದ ವಿಷಯ..." ಎಂದರು.

ಬೆಂಚಿನ ಮೇಲೆ ಕೂತ ಅಮ್ಮ ಕಣ್ಣಮುಂದೆ ಬಂದಳು. ಎದ್ದು ನಿಂತೆ. "ಅದು ಹೋದ ಸಭೇಲೇ ತೀರ್ಮಾನ ಆಯ್ತಲ್ಲ ಸಾರ್. ಈಗ್ತಾನೆ ಸಹಿ ಹಾಕಿದ್ರಿ."

ಅವರ ಮುಂದಿದ್ದ ಪುಸ್ತಕಕ್ಕೆ ಬಗ್ಗಿ ಆ ಪುಟದ ನಾಲ್ಕೂ ತೀರ್ಮಾನ ಗಟ್ಟಿಯಾಗಿ ಓದಿದೆ. ಮರೆತುಹೋಗಿದೆ ಎಂದು ಒಪ್ಪಿಕೊಳ್ಳುವ ಸದಸ್ಯರು ಎಲ್ಲಾದರೂ ಉಂಟೆ?

"ಹೌದೌದು, ಕೆಳಗೆ ಹಿರಿಯರು ಅಂದಿದ್ದು ನಾನೇ," ಎಂದರು ಬಟ್ಟೆ ಅಂಗಡಿ.

"ಮೇಲೆ ಮನೆ ಅಂದಿದ್ದು ನಾನು," ಎಂದರು ಔಷಧಿ ಅಂಗಡಿ.

"ಒಟ್ಟಿನಲ್ಲಿ ನನ್ನ ಸಲಹೆ ಒಪ್ಪಿದ್ರಿ," ಎಂದರು ಅಧ್ಯಕ್ಷರು.

ಗೆದ್ದೆ ಎಂದುಕೊಂಡು ಕೂತೆ. ಅಷ್ಟರಲ್ಲಿ ಅಧ್ಯಕ್ಷರು ಹಾಳೆ ಮಗುಚಿದರು. "ಐದನೇದಂತೂ ಅದ್ಭುತ!" ಎಂದರು. ಐದನೆಯದೊಂದು ಇತ್ತೆ? ನಾನು ಹಾಳೆ ಮಗುಚಿ ನೋಡಿಯೇ ಇರಲಿಲ್ಲ. ಅವರೇ ಓದಿ ಹೇಳಿದರು:

"ಐದು, ನಡಾವಳಿ ಗುಮಾಸ್ತರು ಪ್ರತಿ ಭಾನುವಾರ ಭವನದಲ್ಲಿ ಹಿರಿಯರಿಗೆ ಚಹಾ ಮಾಡಿಕೊಟ್ಟು ಲೋಟಗಳನ್ನು ತಾವೇ ತೊಳೆಯತಕ್ಕದ್ದು. ಭವನ ಸಿದ್ಧವಾಗುವವರೆಗೆ ದಿನಕ್ಕೆ ಎರಡು ಪುಟ ಕಾಪಿ ಬರೆದು ಅಕ್ಷರ ತಿದ್ದಿಕೊಳ್ಳತಕ್ಕದ್ದು."

"ತಾವಾಗೇ ಮುಂದೆ ಬಂದಿದ್ದೀರಿ! ಎಂಥಾ ತ್ಯಾಗ ರೀ ನಿಮ್ದು!" ಅಧ್ಯಕ್ಷರು ಚಪ್ಪಾಳೆ ಹೊಡೆದರು, ಸಭೆಯೂ ಹೊಡೆಯಿತು. ಇದು ನಾನು ಬರೆದದ್ದಲ್ಲ ಎಂದರೆ ಮೇಲಿನ ನಾಲ್ಕೂ ಬಿದ್ದುಹೋಗುತ್ತವೆ. ಕೈಮುಗಿದು ಕೂತೆ.

ಈಗ ಗೋದಾಮಿನ ಜಾಗದಲ್ಲಿ ಪಾಯ ತೋಡುತ್ತಿದ್ದಾರೆ. ಬೆಂಚಿನ ಆರೂ ಜನ ದಿನಾ ಹೋಗಿ ಮೇಲ್ವಿಚಾರಣೆ ಮಾಡಿ ಬರುತ್ತಾರೆ. ಐವತ್ತೆರಡು ವರ್ಷದ ನಾನು ಊಟದ ಮೇಜಿಗೆ ಕೂತು ಕಾಪಿ ಬರೆಯುತ್ತೇನೆ. ಹೆಂಡತಿ ಪೆನ್ಸಿಲ್ ಚೂಪು ಮಾಡಿಕೊಡುತ್ತಾಳೆ, ಬೇಡವೆಂದರೂ.

ನಿನ್ನೆ ಅಮ್ಮ ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು ಎರಡನೇ ಪುಟಕ್ಕೆ ಬಂದಳು. ಆ ಪುಟವನ್ನು ನಾನು ಸ್ವಲ್ಪ ಅವಸರದಲ್ಲಿ ಬರೆದಿದ್ದೆ.

"ಓದಿದಂತೆ ಭಾವಿಸಬಾರ್ದಾ ಅಮ್ಮಾ?" ಎಂದು ಮೆಲ್ಲಗೆ ಕೇಳಿದೆ.

"ನಾನೇನು ಪುರಸಭೆನೇನೋ? ಇನ್ನೊಂದು ಸಲ ಬರಿ," ಎಂದಳು.