ತೊಳೆಯಬೇಕಿಲ್ಲದ ಫ್ಲಕ್ಸನ್ನು ತೊಳೆದದ್ದು

ಲಿಫ್ಟುಗಳಿಗೆ ಎಲೆಕ್ಟ್ರಾನಿಕ್ ಬೋರ್ಡ್ ತಯಾರಿಸುವ ಆ ಕಾರ್ಖಾನೆಯಲ್ಲಿ, ತೊಳೆಯಬೇಕಿಲ್ಲದ ಫ್ಲಕ್ಸನ್ನು ತೊಳೆಯಲು ಪ್ರತ್ಯೇಕ ವಿಭಾಗವೊಂದಿದೆ. ಅದರ ಮುಖ್ಯಸ್ಥೆಯನ್ನು ಎಲ್ಲರೂ ಬ್ರಷ್ ಅಕ್ಕ ಎನ್ನುತ್ತಾರೆ.

ಮೊದಲು ಹೀಗಿರಲಿಲ್ಲ. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುತ್ತಿದ್ದ ಹಳೇ ಫ್ಲಕ್ಸ್ ಬೋರ್ಡಿನ ಮೇಲೇ ಉಳಿದರೆ ತಾಮ್ರವನ್ನು ತಿನ್ನುತ್ತಿತ್ತು. ಅಕ್ಕನ ಹೆಂಗಸರು ಅದನ್ನು ಬಿಸಿನೀರಲ್ಲಿ ಉಜ್ಜಿ ತೆಗೆಯುತ್ತಿದ್ದರು. ಒಂದು ದಿನ ಹೊಸ ಫ್ಲಕ್ಸ್ ಬಂತು. ಡಬ್ಬಿಯ ಮೇಲೆ 'ತೊಳೆಯುವ ಅಗತ್ಯವಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ಓದಿದ ಅಕ್ಕ ಸೀದಾ ಮ್ಯಾನೇಜರ ಕೋಣೆಗೆ ಹೋದಳು.

"ಸಾರ್, ನಮ್ಮ ವಿಭಾಗಕ್ಕೆ ಬೀಗಾನಾ? ನಮ್ಮ ಹೆಂಗಸರು ಎಲ್ಲಿಗೆ ಹೋಗ್ಬೇಕು?"

"ಛೆ ಛೆ! ವಿಭಾಗ ಕಮ್ಮಿಯಾದ್ರೆ ನಾನು ಹಿರಿಯ ಮ್ಯಾನೇಜರ್ ಆಗೋದು ಹೇಗಮ್ಮಾ? ತೊಳೀರಿ."

"ಅಗತ್ಯ ಇಲ್ಲ ಅಂತ ಡಬ್ಬಿ ಮೇಲಿದೆಯಲ್ಲಾ?"

"ಅಗತ್ಯ ಇಲ್ಲ ಅಂದಿದೆ, ತೊಳೀಬೇಡಿ ಅಂದಿಲ್ಲ."

ಮಧ್ಯಾಹ್ನವೇ ಪ್ರಕಟಣೆ ಹೊರಬಿತ್ತು: 'ತೊಳೆಯುವ ಅಗತ್ಯವಿಲ್ಲದ ಫ್ಲಕ್ಸನ್ನು ಅಗತ್ಯವಾಗಿ ತೊಳೆಯತಕ್ಕದ್ದು. ಇದು ನೀರಿಗೆ ಕರಗದ ಕಾರಣ ಸ್ಪಿರಿಟನ್ನು, ಅದೂ ಮಿತವಾಗಿ, ಬಳಸತಕ್ಕದ್ದು.'

ಬೋರ್ಡಿನ ಮೇಲೆ ಗಾಜಿನ ಪೊರೆಯಂತೆ ತಣ್ಣಗೆ ಕೂತಿದ್ದ ಫ್ಲಕ್ಸ್, ಮಿತವಾದ ಸ್ಪಿರಿಟಿನಲ್ಲಿ ಅರ್ಧಂಬರ್ಧ ಕರಗಿ, ಎಲ್ಲೆಡೆ ಹರಡಿ, ಬೆಳ್ಳಗೆ ಪುಡಿಯಾಯಿತು. ಅಕ್ಕನಿಗೆ ನಾಚಿಕೆಯಾಯಿತು. ಆದರೆ ಲಿಫ್ಟ್ ಕಂಪನಿಯ ಪ್ರತಿನಿಧಿಗಳು ನೋಡಿ ಸಂತೋಷಪಟ್ಟರು.

"ಬೇರೆಯವರ ಬೋರ್ಡು ಬರೀ ಹೊಳೆಯುತ್ತೆ. ತೊಳೆದಿದ್ದಾರೋ ಇಲ್ವೋ ಗೊತ್ತೇ ಆಗಲ್ಲ. ಇಲ್ಲಿ ತೊಳೆದಿದ್ದು ಕಾಣುತ್ತೆ."

ಅಕ್ಕನಿಗೆ ಮನಸ್ಸು ಒಪ್ಪಲಿಲ್ಲ. ಒಂದು ಕಂತಿನ ಬೋರ್ಡುಗಳನ್ನು ಧಾರಾಳವಾಗಿ ಸ್ಪಿರಿಟ್ ಸುರಿದು, ಮೂಲೆಮೂಲೆಗೆ ಬ್ರಷ್ ಆಡಿಸಿ, ಕಲೆಯೇ ಉಳಿಯದಂತೆ ತೊಳೆದಳು. ಎಷ್ಟೋ ದಿನದ ಮೇಲೆ ಹಗುರಾಗಿ ಮನೆಗೆ ಹೋದಳು. ಆ ಕಂತು ಪೂರ್ತಿ ವಾಪಸ್ ಬಂತು. ಕಾರಣ: ತೊಳೆದಿಲ್ಲ.

"ಏನಮ್ಮಾ ಇದು, ಎಲ್ಲರ ಅನ್ನಕ್ಕೂ ಕಲ್ಲು ಹಾಕ್ತೀಯಾ?" ಮ್ಯಾನೇಜರ್ ಹೌಹಾರಿದರು.

"ಚೆನ್ನಾಗಿ ತೊಳೆದಿದ್ದೆ ಸಾರ್."

"ಅದೇ ತಪ್ಪು!"

ಪೂರ್ತಿ ತೊಳೆಯುವುದು ಶಿಸ್ತುಕ್ರಮಕ್ಕೆ ಅರ್ಹವೆಂದು ನಿಯಮ ಬಂತು. ಅರ್ಧ ತೊಳೆಯುವ ತರಬೇತಿ ಶುರುವಾಯಿತು. ಅನುಭವಿಯೆಂದು ಅಕ್ಕನನ್ನೇ ತರಬೇತುದಾರಳನ್ನಾಗಿ ಮಾಡಿದರು. ಹೆಂಗಸರ ಕೆಲಸ ಉಳಿಯಿತು, ಮ್ಯಾನೇಜರ್ ಹಿರಿಯ ಮ್ಯಾನೇಜರಾದರು. ಮೊದಮೊದಲು ಅಕ್ಕನ ಕೈ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಯಿತು.

ಮೊನ್ನೆ ಪ್ರತಿನಿಧಿಗಳು ಮತ್ತೆ ಬಂದಿದ್ದರು. ಹಿರಿಯರೊಬ್ಬರು ಬೋರ್ಡಿನ ಮೇಲೆ ಬೆರಳಾಡಿಸಿ, ಬೆರಳ ತುದಿಗೆ ಮೆತ್ತಿದ ಬಿಳಿ ಪುಡಿಯನ್ನು ಬೆಳಕಿಗೆ ಹಿಡಿದು, "ಶುಚಿ ಅಂದ್ರೆ ಇದಪ್ಪಾ!" ಎಂದರು.

"ನಿಮ್ಮ ವಿಶ್ವಾಸ ಸಾರ್" ಎಂದು, ಕೈ ಒರೆಸಿಕೊಳ್ಳಲು ಅಕ್ಕ ಬಟ್ಟೆ ಕೊಟ್ಟಳು.